ನಾನು ಹಿಡಿದ ಫ್ಲ್ಯಾಷು

ಮೊನ್ನೆ ತಂಗಿ ವನಜ ಫೋನು ಮಾಡಿದ್ದಳು. ಅವಳ ಮನೆಯ ಗೋಡೆಯಲ್ಲಿರುವ ಅಪ್ಪಯ್ಯನ ಫೋಟೋಗೆ ಈ ಸಲದ ಮಳೆಯಲ್ಲಿ ಬೂಷ್ಟು ಹಿಡಿದಿದೆಯಂತೆ. ಗಾಜಿನೊಳಗೇ ಬಿಳಿ ಮಚ್ಚೆಗಳೆದ್ದು ಹಣೆ, ಮೂಗು ಎಲ್ಲ ಮಸುಕಾಗಿದೆಯಂತೆ. ಅಸಲು ಪ್ರತಿ ನಿಮ್ಮಲ್ಲೇ ಇರಬೇಕು, ಹುಡುಕಿ ಕೊಟ್ಟರೆ ಹೊಸದಾಗಿ ಕಟ್ಟು ಹಾಕಿಸುತ್ತೇನೆ ಎಂದಳು. ಫೋಟೋ ಸ್ಟುಡಿಯೋ ಇಟ್ಟವರ ಮನೆಯಲ್ಲಿ ಫೋಟೋ ಹುಡುಕುವುದು ಎಷ್ಟು ಕಷ್ಟ ಅಂತ ಅವಳಿಗೇನು ಗೊತ್ತು. ಊರವರ ಮದುವೆ, ಊರವರ ಸೀಮಂತ, ಊರವರ ಮಕ್ಕಳ ನಾಮಕರಣ ಎಲ್ಲ ಮೂಟೆಗಟ್ಟಲೆ ಸಿಗುತ್ತವೆ. ನಮ್ಮವರದೊಂದು ಬೇಕೆಂದರೆ ಮಾತ್ರ ಸಿಗುವುದಿಲ್ಲ. ಆದರೂ ಸ್ಟೂಲು ಹಾಕಿಕೊಂಡು, ನನ್ನ ಮಂಡಿಗಳಿಗೆ ನಾನೇ ಬೈದುಕೊಳ್ಳುತ್ತ ಅಟ್ಟಕ್ಕೆ ಕೈಹಾಕಿದೆ.

ಕೈಗೆ ಮೊದಲು ಸಿಕ್ಕಿದ್ದು ಒಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಫ್ಲ್ಯಾಷು. ಕ್ಯಾಮರಾದ ನೆತ್ತಿಯ ಮೇಲೆ ಕೂರುವ ಫ್ಲ್ಯಾಷಲ್ಲ ಇದು, ಎರಡನೆಯದು. ಕ್ಯಾಮರಾದಿಂದ ದೂರ, ಬದಿಯಲ್ಲಿ ನಿಂತು ಬೆಳಕು ಕೊಡುವುದು ಇದರ ಕೆಲಸ. ಬುಡದಲ್ಲಿ ಅವರೆಕಾಳಿನಷ್ಟು ಒಂದು ಕಣ್ಣಿದೆ. ಕ್ಯಾಮರಾದ ಮೇಲಿನ ಫ್ಲ್ಯಾಷು ಮಿಂಚಿದ್ದನ್ನು ಆ ಕಣ್ಣು ಕಂಡಿತೋ, ಅದೇ ಕ್ಷಣ ಇದೂ ಮಿಂಚುತ್ತದೆ. ನಡುವೆ ತಂತಿಯಿಲ್ಲ, ಕೂಗಿ ಹೇಳುವುದಿಲ್ಲ, ಸನ್ನೆಯಿಲ್ಲ. ಇದನ್ನು ಸ್ಲೇವ್ ಎಂದು ಕರೆಯುತ್ತಾರೆ. ಹಾಗೆಂದರೆ ಏನು ಅಂತ ಮದುವೆಯಾದ ಹೊಸತರಲ್ಲಿ ನಮ್ಮವರನ್ನು ಕೇಳಿದ್ದೆ. ಹೇಳಿದ ಕೆಲಸ ಎದುರುಮಾತಿಲ್ಲದೆ ಮಾಡುವುದು ಎಂದಿದ್ದರು. ನಾನು ನಕ್ಕಿದ್ದೆ. ಆಗ ನಗು ಬರುವ ವಯಸ್ಸು.

ಸೆಲ್ಲುಗಳನ್ನು ಹೊರಗೆ ತೆಗೆದಿಟ್ಟಿದ್ದೆ. ಅದು ಅಪ್ಪಯ್ಯನಿಂದ ಬಂದ ಅಭ್ಯಾಸ. ಟಾರ್ಚಿನೊಳಗೆ ಸೆಲ್ಲು ಬಿಟ್ಟರೆ ಮಳೆಗಾಲಕ್ಕೆ ಉಪ್ಪು ಹೊಮ್ಮಿ ಟಾರ್ಚೇ ಹಾಳು ಅಂತ ಆತ ನಮ್ಮ ತಲೆಗೆ ತುಂಬಿದ್ದ. ಮನೆಯಲ್ಲಿದ್ದ ಹೊಸ ಪೆನ್ಸಿಲ್ ಸೆಲ್ಲುಗಳನ್ನು ಹಾಕಿ ಗುಂಡಿ ಸರಿಸಿದೆ. ಬದುಕಿರಲಾರದು ಅಂದುಕೊಂಡಿದ್ದೆ. ಒಂದು ಗಳಿಗೆ ಸುಮ್ಮನಿತ್ತು, ಆಮೇಲೆ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ ಕುಂಯ್ ಎಂದು ಸಣ್ಣಗೆ ಶುರುವಾಗಿ, ಏರುತ್ತ ಏರುತ್ತ ಹೋಗಿ, ಹಿಂಬದಿಯ ಕೆಂಪು ದೀಪ ಹತ್ತಿತು. ಆ ಸದ್ದು ಕೇಳಿದ್ದೇ ತಡ, ನನ್ನ ಬಲಗೈ ತಾನಾಗಿ ಮೇಲೆದ್ದಿತು. ಸ್ಟೂಲಿನ ಮೇಲೆ ನಿಂತು ಖಾಲಿ ಗೋಡೆಗೆ ಬೆಳಕು ಹಿಡಿಯಹೊರಟ ಹೆಂಗಸನ್ನು ನೀವು ನೋಡಿದ್ದರೆ ಖಂಡಿತ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ.

ನಮ್ಮವರ ಸ್ಟುಡಿಯೋ ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರವಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ರೀಲು ಹಾಕಿ ತೆಗೆಯುವ ಕಾಲ. ಮದುವೆ ಮನೆಗಳಿಗೆ ಎರಡನೇ ಫ್ಲ್ಯಾಷು ಹಿಡಿಯಲು ಒಬ್ಬ ಆಳು ಇದ್ದನಂತೆ, ಆತ ಹಾಸನದಲ್ಲಿ ಸ್ವಂತ ಸ್ಟುಡಿಯೋ ಮಾಡಿಕೊಂಡು ಹೋದ. ಹೊಸಬ ಸಿಗುವ ತನಕ ಒಂದೆರಡು ಮದುವೆಗೆ ನೀನೇ ಬಾ ಎಂದರು. ಹೊಸಬ ಸಿಗಲೇ ಇಲ್ಲ, ಯಾಕೆಂದರೆ ಯಾರೂ ಹುಡುಕಲಿಲ್ಲ. ಅರಿಶಿನದ ಶಾಸ್ತ್ರಕ್ಕೆ, ಸೀಮಂತಕ್ಕೆ ಹೆಣ್ಣು ಹೆಂಗಸರ ನಡುವೆ ನಾನಿದ್ದರೆ ಅವರಿಗೂ ಸಲೀಸು, ಇವರಿಗೂ ಸಲೀಸು. ಹಾಗೆ ನಾನು ಲೈಟಕ್ಕ ಆದೆ. ಗೋಣಿಬೀಡಿನಿಂದ ಕಳಸದವರೆಗೆ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಲೈಟಕ್ಕ ಅಂದರೆ ಎಲ್ಲರಿಗೂ ಗೊತ್ತು. "ಲೈಟಕ್ಕ, ಊಟ ಆಯ್ತಾ?" ಅಂತ ಕೇಳುತ್ತಿದ್ದರು. ಆಗಿರುತ್ತಿರಲಿಲ್ಲ. ಕೊನೇ ಪಂಕ್ತಿಯಲ್ಲಿ, ಪಾಯಸ ಮುಗಿದ ಮೇಲೆ ಕೂತಾಗ, ಎಡಗೈಯಲ್ಲಿ ಉಣ್ಣಬೇಕು ಅನ್ನಿಸುವಷ್ಟು ಬಲಗೈ ಸೋತಿರುತ್ತಿತ್ತು.

ನಮ್ಮ ಸಾಮಾನಿನಲ್ಲಿ ಒಂದು ಬಿಳೀ ಕೊಡೆ ಇತ್ತು. ಫ್ಲ್ಯಾಷನ್ನು ಅದರೊಳಕ್ಕೆ ತಿರುಗಿಸಿ ಹಿಡಿದರೆ ಬೆಳಕು ಮೆತ್ತಗಾಗಿ ಮುಖದ ಮೇಲೆ ಬೀಳುತ್ತದೆ. ಅಪ್ಪಯ್ಯ ಮೊದಲ ಸಲ ಮೂಡಿಗೆರೆಗೆ ಬಂದಾಗ ಆ ಕೊಡೆಯನ್ನು ಬಿಚ್ಚಿ, ತಿರುಗಿಸಿ, ಬಟ್ಟೆಯನ್ನು ಉಗುರಿನಿಂದ ಕೆರೆದು ನೋಡಿದ. ಇಡೀ ಮಲೆನಾಡಿನಲ್ಲಿ ಮಳೆಗೆ ಹಿಡಿಯಲು ಬಾರದ ಕೊಡೆ ಅಂದರೆ ನಿನ್ನ ಗಂಡನ ಹತ್ತಿರ ಇರುವುದೊಂದೇ ಎಂದ. ಮಾತು ಮುಗಿಸಿ ಮೀಸೆಯೊಳಗೆ ನಗುತ್ತಿದ್ದುದು ನನಗೆ ಇಂದಿಗೂ ಕಾಣುತ್ತದೆ. ನಗು ಕೂಡ ಸದ್ದು ಮಾಡದೆ ನಗುವ ಮನುಷ್ಯ.

ಅಪ್ಪಯ್ಯ ಗೋಣಿಬೀಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಗ್ಗೆ ಆಳುಗಳ ಹಾಜರಿ, ಮಧ್ಯಾಹ್ನ ಗೊಬ್ಬರದ ಲೆಕ್ಕ, ಸಂಜೆ ಪಾರ್ಚ್‌ಮೆಂಟ್ ಅನ್ನುವ ಸಿಪ್ಪೆ ಸುಲಿದ ಕಾಫಿಬೀಜ ಒಣಹಾಕಿದ ಕಣದ ಮೇಲೊಂದು ಕಣ್ಣು. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಳು, ಹಾಗಾಗಿ ಜಡೆ ಹೆಣೆಯುವ ಕೆಲಸವೂ ಅವನದೇ. ವನಜಳ ಜಡೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಕಾಫಿ ಹಣ್ಣು ಕುಯ್ದು ಮುಗಿದ ದಿನ ಆ ಎಸ್ಟೇಟಿನಲ್ಲಿ ಒಂದು ಗ್ರೂಪ್ ಫೋಟೋ ತೆಗೆಸುವ ಪದ್ಧತಿಯಿತ್ತು. ಸಾಹುಕಾರರು, ಅವರ ಮನೆಯವರು, ನೆಂಟರು ಕುರ್ಚಿಯಲ್ಲಿ, ಮೇಸ್ತ್ರಿಗಳು ಹಿಂದೆ, ಆಳುಗಳು ಕೆಳಗೆ. ರೈಟರಿಗೆ ಮಾತ್ರ ಇಂಥದ್ದೇ ಅಂತ ಜಾಗವಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಕೆಲಸ ಅವನದು. ನಿಲ್ಲಿಸಿ ಮುಗಿಸಿ ಓಡಿಬಂದು ತುದಿಯಲ್ಲಿ ಸೇರಿಕೊಳ್ಳುವಷ್ಟರಲ್ಲಿ ಫೋಟೋ ಆಗಿರುತ್ತಿತ್ತು. ಸಂಜೆಯ ಹೊತ್ತು, ಫ್ಲ್ಯಾಷಿನ ಬೆಳಕು ಆ ತುದಿಯವರೆಗೆ ಮುಟ್ಟುತ್ತಿರಲಿಲ್ಲ. ಆ ಬಂಗಲೆಯ ಹಾಲಿನಲ್ಲಿ ಸಾಲಾಗಿ ತೂಗುಹಾಕಿದ್ದ ಅಂಥ ಫೋಟೋಗಳಲ್ಲಿ ನಾವಿಬ್ಬರು ಹುಡುಗಿಯರು ಅಪ್ಪಯ್ಯನನ್ನು ಹುಡುಕುತ್ತಿದ್ದೆವು. ಒಂದರಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಒಂದು ತೋಳು, ಮತ್ತೊಂದರಲ್ಲಿ ಕತ್ತಲೆಯಲ್ಲಿ ಬಿಳೀ ಅಂಗಿ ಮಾತ್ರ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಪ್ಪಯ್ಯ ತನ್ನ ಜೀವಮಾನದಲ್ಲಿ ನನ್ನಿಂದ ಕೇಳಿದ್ದು ಒಂದೇ ಒಂದು ಸಂಗತಿ. ವನಜಳ ಮದುವೆ ನಿಶ್ಚಯವಾದ ವರ್ಷ ಅವನಿಗೆ ಎದೆಯ ಕಾಯಿಲೆ ಜೋರಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರೆಳೆದುಕೊಳ್ಳಬೇಕು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ನಾವು ಅವನಿಗೆ ಹೇಳಿರಲಿಲ್ಲ, ಆದರೆ ಅವನಿಗೆ ತಿಳಿದಿತ್ತು. ಲಗ್ನಪತ್ರಿಕೆ ಹಂಚಲು ಬಂದವನು ನಮ್ಮ ಅಡುಗೆಮನೆಯಲ್ಲಿ ಕೂತು, ಕಾಫಿ ಆರಲು ಬಿಟ್ಟು, ನೆಲ ನೋಡುತ್ತ ಹೇಳಿದ.

"ಈ ಸಲ ನಂದೊಂದು ನೆಟ್ಟಗಿರೋ ಫೋಟೋ ತೆಗ್ಸು ಮಗಾ. ನಡೂಕೆ ನಿಂತ್ಕೊತೀನಿ. ನೀನೇ ಅಲ್ವಾ ಬೆಳಕು ಹಿಡಿಯೋದು?"

ನಾನೇ ಅಪ್ಪಯ್ಯ, ಅಂದೆ.

ಕುದುರೆಮುಖದಲ್ಲಿ ಗಣಿ ನಿಂತು, ಅಲ್ಲಿದ್ದವರೆಲ್ಲ ಸಾಮಾನು ಕಟ್ಟುತ್ತಿದ್ದ ಕಾಲವದು. ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು ಎಲ್ಲ ಮಾರಾಟಕ್ಕಿದ್ದವು. ನಮ್ಮೂರಿನವರು ಜೀಪು ಮಾಡಿಕೊಂಡು ಹೋಗಿ ತರುತ್ತಿದ್ದರು. ಖಾಲಿಯಾಗುತ್ತಿದ್ದ ಆ ಊರನ್ನು ನೋಡಿ ಬಂದ ಹೆಂಗಸರು, ಅಷ್ಟು ಚೆನ್ನಾಗಿದ್ದ ಮನೆಗಳು ಅಂತ ಲೊಚಗುಟ್ಟುತ್ತ ಅಗ್ಗಕ್ಕೆ ತಂದ ಕುಕ್ಕರನ್ನು ತೋರಿಸುತ್ತಿದ್ದರು. ನಮ್ಮವರೂ ಹೋದರು, ಡಿಜಿಟಲ್ ಕ್ಯಾಮರಾ ತಂದರು. ಊರು ಬಿಡುತ್ತಿದ್ದ ಯಾರೋ ಇಂಜಿನಿಯರು ಹವ್ಯಾಸಕ್ಕೆಂದು ಇಟ್ಟುಕೊಂಡಿದ್ದ ಕ್ಯಾಮರಾ, ಅದರ ಮೇಲೆ ಕೂರುವ ಹೊಸ ಫ್ಲ್ಯಾಷು ಸಮೇತ. ಜೊತೆಗೆ ಬರಬೇಕಾದ ಪುಸ್ತಕ ಯಾವ ಪೆಟ್ಟಿಗೆಯೊಳಗೆ ಸೇರಿ ಯಾವ ಊರಿಗೆ ಹೋಯಿತೋ. ಇವರಿಗೆ ಅದರ ಚಿಂತೆಯಿರಲಿಲ್ಲ. ಇಷ್ಟು ವರ್ಷ ಫೋಟೋ ತೆಗೆದವನಿಗೆ ಪುಸ್ತಕ ಯಾಕೆ ಅನ್ನುವುದು ಇವರ ಧೋರಣೆ.

ಬೇರೆಯವರ ಮದುವೆಯಲ್ಲಿ ಹೊಸ ಕ್ಯಾಮರಾ ಬಳಸಿ ಎಡವಟ್ಟಾದರೆ ಹೆಸರು ಕೆಡುತ್ತದೆ, ನಾದಿನಿಯ ಮದುವೆಯಾದರೆ ಮನೆಯದೇ ಅಲ್ಲವೇ. ಇದು ಇವರು ಬಾಯಿಬಿಟ್ಟು ಹೇಳಿದ್ದಲ್ಲ, ನಾನು ಆಮೇಲೆ ಅರ್ಥಮಾಡಿಕೊಂಡಿದ್ದು. ಆಗ ನನಗೂ ಹೆಮ್ಮೆಯೇ. ವನಜಳ ಮದುವೆಗೆ ಡಿಜಿಟಲ್ಲು ಅಂತ ನಾಲ್ಕು ಮನೆಗೆ ನಾನೇ ಹೇಳಿಕೊಂಡು ಬಂದಿದ್ದೆ.

ಗೋಣಿಬೀಡಿನ ಸಮುದಾಯ ಭವನದಲ್ಲಿ ಮದುವೆ. ಮಧ್ಯಾಹ್ನದ ಮುಹೂರ್ತ. ಅಪ್ಪಯ್ಯ ಹಿಂದಿನ ದಿನವೇ ಮೀಸೆ ತಿದ್ದಿಸಿಕೊಂಡು, ಸಾಹುಕಾರರು ಕೊಟ್ಟಿದ್ದ ಹಳೆಯ ಕೋಟನ್ನು ಇಸ್ತ್ರಿ ಮಾಡಿಸಿಟ್ಟಿದ್ದ. ಕೋಟು ಅವನ ಮೈಗೆ ಎರಡು ಪಟ್ಟಾಗಿತ್ತು. ಅಮ್ಮ ಇಲ್ಲದ್ದರಿಂದ ಶಾಸ್ತ್ರಕ್ಕೆ ಚಿಕ್ಕಪ್ಪ ಚಿಕ್ಕಮ್ಮ ಕೂತಿದ್ದರು. ಅವರದೆಲ್ಲ ಮುಗಿದ ಮೇಲೆ ಅಪ್ಪಯ್ಯ ಎದ್ದುಬಂದು ಮದುಮಕ್ಕಳ ನಡುವೆ ನಿಂತು ಅವರ ಕೈಮೇಲೆ ಹಾಲು ಎರೆಯುವುದು, ಫೋಟೋ ಆಗ. ಹಾಗಂತ ಮೊದಲೇ ಮಾತಾಗಿತ್ತು. ಹೆಚ್ಚು ಹೊತ್ತು ನಿಲ್ಲಿಸಬೇಡಿ ಅಂತ ಡಾಕ್ಟರು ಹೇಳಿದ್ದರು.

ಸರಿಯಾಗಿ ಧಾರೆಯ ಹೊತ್ತಿಗೆ ಬಾಬಾಬುಡನ್‌ಗಿರಿಯ ಕಡೆಯಿಂದ ಗುಡುಗು ಶುರುವಾಯಿತು. ಗಾಳಿ ಬಂತು, ಕರೆಂಟು ಹೋಯಿತು. ವಿಡಿಯೋದವನ ದೊಡ್ಡ ದೀಪ ಆರಿತು. ಭವನದೊಳಗೆ ಮಬ್ಬು ಕವಿಯಿತು. ಪರವಾಗಿಲ್ಲ, ನಾನಿದ್ದೇನಲ್ಲ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಸೀರೆಯ ಸೆರಗು ಸಿಕ್ಕಿಸಿ, ಮಂಟಪದ ಬಲಬದಿಯ ಕಂಬಕ್ಕೆ ಒರಗಿ, ಕೋಲಿನ ತುದಿಯಲ್ಲಿ ಫ್ಲ್ಯಾಷು ಎತ್ತಿ ಹಿಡಿದೆ.

ಅಪ್ಪಯ್ಯ ಬಂದ. ಮದುಮಗ ಎಡಕ್ಕೆ, ವನಜ ಬಲಕ್ಕೆ, ನಡುವೆ ಒಂದು ಹೆಜ್ಜೆ ಹಿಂದೆ ಅವನು. ಮದುಮಗನ ಪೇಟ ದೊಡ್ಡದು, ಕ್ಯಾಮರಾದ ಬೆಳಕಿಗೆ ಅದರ ನೆರಳು ಅಪ್ಪಯ್ಯನ ಮುಖಕ್ಕೆ ಬೀಳುತ್ತದೆ ಅಂತ ನನಗೆ ಕಂಡಿತು. ಅದಕ್ಕೇ ಅಲ್ಲವೇ ಬದಿಯ ಬೆಳಕು ಇರುವುದು. ನಾನು ಕೋಲನ್ನು ಇನ್ನೊಂದಿಷ್ಟು ಮುಂದಕ್ಕೆ ಚಾಚಿದೆ. ಇವರು ಗುಂಡಿ ಒತ್ತಿದರು, ಎರಡೂ ಫ್ಲ್ಯಾಷು ಮಿಂಚಿದವು. ನನ್ನ ಬೆಳಕು ಅಪ್ಪಯ್ಯನ ಮುಖದ ಮೇಲೆ, ಮೀಸೆಯ ಮೇಲೆ, ಆ ಸಡಿಲ ಕೋಟಿನ ಮೇಲೆ ಬಿದ್ದದ್ದನ್ನು ನಾನು ನನ್ನ ಈ ಕಣ್ಣಿನಿಂದ ನೋಡಿದೆ. ಅವನು ನನ್ನ ಕಡೆ ತಿರುಗಿ, ಹಾಲಿನ ಗಿಂಡಿ ಹಿಡಿದುಕೊಂಡೇ ನಕ್ಕ.

"ಕಣ್ಣು ಕೋರೈಸ್ತು ಮಗಾ" ಅಂದ.

ಇವರು ಕ್ಯಾಮರಾದ ಬೆನ್ನಿನ ಬೆಂಕಿಪೊಟ್ಟಣದಷ್ಟು ಪರದೆ ನೋಡಿದರು. ತುಟಿ ಬಿಗಿಯಾಯಿತು. ಇನ್ನೂ ಎತ್ತು ಎಂದರು, ಎತ್ತಿದೆ. ಹತ್ತಿರ ಬಾ ಎಂದರು, ಹೋದೆ. ಹಿಂದೆ ಹೋಗು ಎಂದರು, ಹೋದೆ. ಪ್ರತಿ ಸಲವೂ ಫ್ಲ್ಯಾಷು ಮಿಂಚುತ್ತಿತ್ತು, ಪ್ರತಿ ಸಲವೂ ಬೆಳಕು ಅಪ್ಪಯ್ಯನ ಮೇಲೇ ಬೀಳುತ್ತಿತ್ತು, ಪ್ರತಿ ಸಲವೂ ಇವರು ಪರದೆ ನೋಡಿ ನನ್ನ ಕಡೆ ಗುರಾಯಿಸುತ್ತಿದ್ದರು. ಕೊನೆಗೆ ಮದುಮಗನ ಕಡೆಯವರೆಲ್ಲ ಕೇಳುವ ಹಾಗೆ, "ಇಷ್ಟು ವರ್ಷ ಹಿಡಿದೂ ನಿಂಗೆ ಒಂದು ಲೈಟ್ ಹಿಡಿಯಕ್ಕೆ ಬರಲ್ವಾ?" ಎಂದರು. ನನ್ನ ಗಮನವೆಲ್ಲ ಅಪ್ಪಯ್ಯನ ಮೇಲಿತ್ತು. ಅವನ ಕೈಯಲ್ಲಿದ್ದ ಗಿಂಡಿ ವಾಲಿ ಹಾಲು ನೆಲಕ್ಕೆ ಚೆಲ್ಲುತ್ತಿತ್ತು. ಚಿಕ್ಕಪ್ಪ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಆಮೇಲೆ ಅವನು ಎದ್ದದ್ದು ಮದುಮಗಳನ್ನು ಕಳಿಸಿಕೊಡುವಾಗಲೇ, ಆಗ ಯಾರಿಗೂ ಫೋಟೋದ ನೆನಪಿರಲಿಲ್ಲ.

ಆಲ್ಬಮ್ಮು ಬರಲು ಕೆಲವು ವಾರ ಹಿಡಿಯಿತು. ಎಸ್ಟೇಟಿನ ಕ್ವಾರ್ಟರ್ಸಿಗೆ ನಾವಿಬ್ಬರೂ ತೆಗೆದುಕೊಂಡು ಹೋದೆವು. ಅಷ್ಟರಲ್ಲಿ ಅಪ್ಪಯ್ಯ ಹಾಸಿಗೆ ಹಿಡಿದಿದ್ದ. ತಲೆದಿಂಬಿಗೆ ಒರಗಿಸಿ ಕೂರಿಸಿ, ಕನ್ನಡಕ ಹಾಕಿದೆ. ಅವನು ಒಂದೊಂದೇ ಹಾಳೆಯನ್ನು ಬೆರಳ ತುದಿಯಿಂದ ಸರಿಸುತ್ತ ಬಂದು ಆ ಫೋಟೋದ ಹತ್ತಿರ ಬೆರಳು ನಿಲ್ಲಿಸಿದ. ಮದುಮಗ ಬೆಳ್ಳಗೆ ಹೊಳೆಯುತ್ತಿದ್ದ, ವನಜ ಬೆಳ್ಳಗೆ ಹೊಳೆಯುತ್ತಿದ್ದಳು. ನಡುವೆ ಒಂದು ಕೋಟು. ಕೋಟಿನ ಮೇಲೆ ಪೇಟದ ನೆರಳು ಅಡ್ಡ ಬಿದ್ದು, ಅದರೊಳಗೆ ಮುಖ ಇದೆ ಅಂತ ಗೊತ್ತಾಗುತ್ತಿತ್ತು ಅಷ್ಟೆ. ಆ ಕತ್ತಲೆಯಲ್ಲೂ ಕಣ್ಣು ಮುಚ್ಚಿರುವುದು ಕಾಣುತ್ತಿತ್ತು.

ಅಪ್ಪಯ್ಯ ಫೋಟೋವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ಇವರು ನಿಂತಲ್ಲಿಂದಲೇ, ನಿಮ್ಮ ಮಗಳು ಲೈಟು ಸರಿಯಾಗಿ ಹಿಡಿಯಲಿಲ್ಲ ಮಾವ, ಅದೂ ಅಲ್ಲದೆ ನೀವೂ ಕಣ್ಣು ಮುಚ್ಚಿಬಿಟ್ಟಿದ್ದೀರಿ ಎಂದರು. ತಮಾಷೆಯ ದನಿಯಲ್ಲೇ ಹೇಳಿದರು. ಅಪ್ಪಯ್ಯ ನನ್ನ ಮುಖ ನೋಡಿದ. ಎಲ್ಲಿ ನಾನು ಅಳುತ್ತೇನೋ ಅಂತ ಅವನಿಗೆ ಹೆದರಿಕೆ.

"ಹೋಗ್ಲಿ ಬಿಡು ಮಗಾ. ನಂಗೆ ಮೂಲೆನೇ ರೂಢಿ. ನಡೂಕೆ ಬಂದಿದ್ದೇ ತಪ್ಪಾಯ್ತು ಅನ್ಸುತ್ತೆ."

ಇನ್ನೊಂದು ಫೋಟೋ ಈಗಲೇ ತೆಗೆಯೋಣ, ಕ್ಯಾಮರಾ ಜೀಪಿನಲ್ಲಿದೆ ಎಂದೆ. ಬೇಡ ಎಂದ. ಗಡ್ಡ ಬಂದು, ಕೆನ್ನೆ ಒಳಗೆ ಹೋಗಿರುವ ಈ ಮುಖ ಉಳಿಯುವುದು ಬೇಡ ಎಂದ. ಆ ಮಳೆಗಾಲ ಅವನು ಉಳಿಯಲಿಲ್ಲ.

ತಿಥಿಗೆ ಹಾರ ಹಾಕಲು ಫೋಟೋ ಬೇಕಾಯಿತು. ಇವರು ಚಿಕ್ಕಮಗಳೂರಿನಲ್ಲಿ ಯಾರಿಂದಲೋ ಕಂಪ್ಯೂಟರಿನಲ್ಲಿ ಮಾಡಿಸಿಕೊಂಡು ಬಂದರು. ಅದೇ ಮದುವೆಯ ಫೋಟೋದಿಂದ ಅಪ್ಪಯ್ಯನನ್ನು ಕತ್ತರಿಸಿ ತೆಗೆದು, ಕತ್ತಲೆಯನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಸಿದ್ದರು. ಮುಚ್ಚಿದ ಕಣ್ಣಿನ ಜಾಗಕ್ಕೆ ಯಾವುದೋ ಹಳೆಯ ಗುರುತಿನ ಚೀಟಿಯಿಂದ ಎರಡು ತೆರೆದ ಕಣ್ಣು ತಂದು ಕೂರಿಸಿದ್ದರು. ಮುಖ ಬೂದಿ ಬಳಿದಂತಿತ್ತು, ಕಣ್ಣು ಮಾತ್ರ ಬೇರೆ ಯಾರದೋ ಎನ್ನುವಂತೆ ಎಲ್ಲಿಗೋ ನೋಡುತ್ತಿದ್ದವು. ನೆಂಟರೊಬ್ಬರು, ಫೋಟೋ ಅಂಗಡಿಯವನ ಮಾವ ಆಗಿಯೂ ಒಂದು ಲಕ್ಷಣವಾದ ಫೋಟೋ ಇಲ್ಲವಲ್ಲ ಅಂತ ಊಟದ ಪಂಕ್ತಿಯಲ್ಲಿ ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಬಡಿಸುತ್ತಿದ್ದೆ. ಬಡಿಸಿ ಮುಗಿಸಿದೆ. ಅಂದಿನಿಂದ ವನಜಳ ಗೋಡೆಯ ಮೇಲಿರುವುದು ಅದೇ.

ಆಮೇಲೆ ನಾನು ಫ್ಲ್ಯಾಷು ಹಿಡಿಯಲು ಹೋಗಲಿಲ್ಲ. ಯಾರೂ ಒತ್ತಾಯವನ್ನೂ ಮಾಡಲಿಲ್ಲ. ಇವರಿಗೆ ಸ್ಟ್ಯಾಂಡು ಬಂತು, ಅದು ಎದುರುಮಾತನಾಡುವುದಿಲ್ಲ, ಕೊನೇ ಪಂಕ್ತಿಗೆ ಕಾಯುವುದೂ ಇಲ್ಲ. ನಾನು ಮನೆಯಲ್ಲಿ ಕೂತು ನನ್ನ ತೋಳನ್ನು ಅನುಮಾನದಿಂದ ನೋಡತೊಡಗಿದೆ. ಪಾತ್ರೆ ತೊಳೆಯುವಾಗ, ಒಗ್ಗರಣೆ ಹಾಕುವಾಗ, ಆ ದಿನ ಕೋಲು ಎಷ್ಟು ಎತ್ತರವಿತ್ತು, ನಾನು ಕಂಬಕ್ಕೆ ಒರಗಿದ್ದು ತಪ್ಪೇ, ಒಂದು ಹೆಜ್ಜೆ ಮುಂದಿದ್ದರೆ ಬೆಳಕು ಬೀಳುತ್ತಿತ್ತೇ ಅಂತ ಲೆಕ್ಕ ಹಾಕುತ್ತಿದ್ದೆ. ಬಿದ್ದದ್ದನ್ನು ನೋಡಿದ್ದೆ. ಆದರೆ ಫೋಟೋದಲ್ಲಿ ಇಲ್ಲ. ಫೋಟೋ ಸುಳ್ಳು ಹೇಳುತ್ತದೆಯೇ? ಹೇಳುವುದಿಲ್ಲ ಅಂತಲೇ ಅಲ್ಲವೇ ಲೋಕ ನಂಬಿರುವುದು. ಹಾಗಾಗಿ ನಿಧಾನವಾಗಿ ನನ್ನ ಕಣ್ಣನ್ನೇ ನಂಬದಿರಲು ಕಲಿತೆ. ಅದನ್ನು ಕಲಿಯುವುದು ಬಹಳ ಸುಲಭ, ಸುತ್ತಲಿನವರು ಚೂರು ಸಹಾಯ ಮಾಡಿದರೆ ಸಾಕು.

ಕೆಲವು ವರ್ಷ ಕಳೆದಿತ್ತು. ಕಳಸದಿಂದ ಮಂಜುನಾಥ ಎನ್ನುವ ಫೋಟೋಗ್ರಾಫರು ಅಂಗಡಿಗೆ ಬಂದಿದ್ದರು. ಇವರಿಗಿಂತ ಕಿರಿಯರು, ಆಗಷ್ಟೇ ಡಿಜಿಟಲ್ಲಿಗೆ ಬಂದವರು. ಅಂಗಡಿಯ ಹಿಂದೆಯೇ ನಮ್ಮ ಮನೆ, ನಡುವೆ ಒಂದು ಪರದೆ. ಕಾಫಿ ತೆಗೆದುಕೊಂಡು ಪರದೆಯ ಹತ್ತಿರ ಬಂದೆ. ಮಂಜುನಾಥ ತಮ್ಮ ಗೋಳು ಹೇಳಿಕೊಳ್ಳುತ್ತಿದ್ದರು. ಎರಡನೇ ಫ್ಲ್ಯಾಷು ಮಿಂಚುವುದು ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಮಾತ್ರ ಅದರ ಬೆಳಕೇ ಇಲ್ಲ, ಮೂರು ಮದುವೆ ಹಾಳಾಯಿತು ಎಂದರು. ನಮ್ಮವರು ಜೋರಾಗಿ ನಕ್ಕರು.

"ಡಿಜಿಟಲ್ ಫ್ಲ್ಯಾಷಿಗೆ ಒಂದು ಕಳ್ಳಬುದ್ಧಿ ಇದೆ ಮಾರಾಯ. ಫೋಟೋಕ್ಕಿಂತ ಮುಂಚೆ ಒಂದ್ಸಲ ಸಣ್ಣಗೆ ಮಿಂಚಿ ಬೆಳಕು ಅಳ್ಕೊಳುತ್ತೆ. ನಮ್ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ಸ್ಲೇವಿಗೆ ಅದೆಂತ ಗೊತ್ತು, ಮೊದಲ್ನೇದನ್ನ ನೋಡೇ ಹೊಡೆದ್ಬಿಡುತ್ತೆ. ಶಟರ್ ತೆಗೆಯೋ ಹೊತ್ತಿಗೆ ಅದರ ಹೊಟ್ಟೆ ಖಾಲಿ. ಕ್ಯಾಮರಾ ಮೇಲಿಂದನ್ನ ಮ್ಯಾನುವಲ್ಲಿಗೆ ಹಾಕು, ಆ ಮೊದಲ್ನೇ ಮಿಂಚು ನಿಲ್ಲುತ್ತೆ, ಸರಿಹೋಗುತ್ತೆ."

ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಮಂಜುನಾಥ ಕೇಳಿದರು. ಇವರು ಇನ್ನೂ ನಗುತ್ತಲೇ ಇದ್ದರು. ಹೊಸದರಲ್ಲಿ ನಾನೂ ಹೀಗೇ ಬೇಸ್ತುಬಿದ್ದಿದ್ದೆ, ನಾದಿನಿ ಮದುವೆಯೇ ಎಕ್ಕುಟ್ಟಿಹೋಯಿತು, ಮಾರನೇ ವಾರವೇ ಚಿಕ್ಕಮಗಳೂರಿಗೆ ಹೋಗಿ ಕ್ಯಾಮರಾ ರಿಪೇರಿಯವರನ್ನು ಕೇಳಿಕೊಂಡು ಬಂದೆ ಎಂದರು.

ಮಾರನೇ ವಾರವೇ. ಆಲ್ಬಮ್ಮು ಆಗಿನ್ನೂ ಬಂದಿರಲಿಲ್ಲ. ಅಪ್ಪಯ್ಯನ ಹಾಸಿಗೆಯ ಪಕ್ಕ ನಿಂತು ನಿಮ್ಮ ಮಗಳು ಸರಿಯಾಗಿ ಹಿಡಿಯಲಿಲ್ಲ ಮಾವ ಎಂದಾಗ ಇವರಿಗೆ ಎಲ್ಲ ತಿಳಿದಿತ್ತು.

ಕಾಫಿ ಕೊಟ್ಟೆ. ಮಂಜುನಾಥ ಕಾಫಿ ಚೆನ್ನಾಗಿದೆ ಲೈಟಕ್ಕ ಎಂದರು. ಅವರು ಹೋದ ಮೇಲೆ ಇವರನ್ನು ಕೇಳಿದೆ. ಅಪ್ಪಯ್ಯನಿಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದೆ, ಅಷ್ಟೇ. ಇವರು ಕ್ಯಾಮರಾದ ಲೆನ್ಸು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೇಳಿದ್ರೆ ಫೋಟೋ ಬರ್ತಿತ್ತಾ?"

ಬರುತ್ತಿರಲಿಲ್ಲ, ನಿಜ. ಮನೆಯೊಳಗೆ ನಡೆಯುವ ಅನ್ಯಾಯಗಳಿಗೆಲ್ಲ ಇಂಥದ್ದೊಂದು ಜಾಣ ಮಾತು ಕಾವಲಿರುತ್ತದೆ. ನಾವು ಎದುರಿಗೆ ನಿಂತು ತಡಬಡಾಯಿಸುವಷ್ಟರಲ್ಲಿ ಊಟದ ಹೊತ್ತಾಗುತ್ತದೆ, ಎದ್ದು ಬಡಿಸಬೇಕಾಗುತ್ತದೆ. ನಾನೂ ಬಡಿಸಿದೆ. ಎರಡನೇ ಫ್ಲ್ಯಾಷನ್ನು ಮಾತ್ರ ಆ ದಿನ ಬನಿ‌ಯನ್ನಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಎಲ್ಲಿ ಹೋಯಿತು ಅಂತ ಇವರು ಹುಡುಕಿದಾಗ ಗೊತ್ತಿಲ್ಲ ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ತೀರಿಸಿಕೊಂಡ ಸೇಡು ಇಷ್ಟೇ, ಅದೂ ಇವರ ಗಮನಕ್ಕೆ ಬರಲಿಲ್ಲ; ಹೊಸದು ತಂದರು.

ಈಗ ಸ್ಟುಡಿಯೋ ಇಲ್ಲ. ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ. ಅಂಗಡಿಯ ಜಾಗದಲ್ಲಿ ಜೆರಾಕ್ಸಿನವರು ಬಾಡಿಗೆಗಿದ್ದಾರೆ. ಇವರು ಜಗಲಿಯ ಆರಾಮಕುರ್ಚಿಯಲ್ಲಿ ಪೇಪರನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಮಧ್ಯಾಹ್ನ ತೂಕಡಿಸುತ್ತಾರೆ. ಮೊನ್ನೆಯೂ ಹಾಗೇ ಇದ್ದರು. ನಾನು ಸ್ಟೂಲಿನಿಂದ ಇಳಿದು, ಕೆಂಪು ದೀಪ ಹತ್ತಿದ್ದ ಫ್ಲ್ಯಾಷನ್ನು ಹಿಡಿದುಕೊಂಡು ಜಗಲಿಗೆ ಬಂದೆ. ಇವರ ಬಲಬದಿಗೆ ನಿಂತೆ. ಕೈ ಎತ್ತಿದೆ, ಕೋಲಿಲ್ಲದಿದ್ದರೂ ಅದೇ ಎತ್ತರ ಅದೇ ಓರೆ. ಪೇಪರು ಸರಿದ ಸದ್ದಿಗೆ ಇವರು ಕಣ್ಣು ಬಿಟ್ಟರು. ಹಿಂದಿನ ಗುಂಡಿ ಒತ್ತಿದೆ.

ಇವರು ಬೆಚ್ಚಿ, ಮುಖ ಕಿವುಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಎಂತದೇ ಇದು, ಕಣ್ಣು ಹೋಯಿತಲ್ಲ ಅಂತ ಕೂಗಿದರು.

"ಬೆಳಕು ಬಿತ್ತಾ?" ಅಂದೆ.

"ಬೀಳ್ದೆ ಇನ್ನೇನು, ನೆಟ್ಟಗೆ ಮುಖಕ್ಕೇ ಹೊಡೀತು."

"ಅಪ್ಪಯ್ಯಂಗೂ ಹಿಂಗೇ ಬಿದ್ದಿತ್ತು."

ಇವರು ಕಣ್ಣುಜ್ಜಿಕೊಳ್ಳುತ್ತ ನನ್ನ ಕೈಯಲ್ಲಿದ್ದುದನ್ನು ನೋಡಿದರು. ಗುರುತು ಹತ್ತಿತು. ಬಹಳ ಹೊತ್ತು ಪೇಪರು ಮಡಚಿದರು, ಮಡಚಿದ್ದನ್ನೇ ಮತ್ತೆ ಮಡಚಿದರು. ಬಿದ್ದಿತ್ತು ಬಿಡು, ಈಗ ಯಾಕೆ ಅದೆಲ್ಲ ಎಂದರು. ಈ ಒಂದು ಮಾತು ಕೇಳಿದರೆ ನನ್ನ ಎದೆ ಹಗುರಾಗುತ್ತದೆ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಕೇಳಬೇಕಾದವನು ಗೋಣಿಬೀಡಿನ ಕ್ವಾರ್ಟರ್ಸಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಾಗ ಆಡಬೇಕಾಗಿದ್ದ ಮಾತು ಅದು.

ಮತ್ತೆ ಸ್ಟೂಲು ಹತ್ತಿದೆ. ಅಟ್ಟದ ತೀರಾ ಹಿಂದೆ, ಬಿಳೀ ಕೊಡೆಯ ಕೆಳಗೆ, ವನಜಳ ಮದುವೆಯ ಲಕೋಟೆ ಸಿಕ್ಕಿತು. ಕಂಪ್ಯೂಟರು ಮುಟ್ಟದ ಆ ಫೋಟೋ ಅದರಲ್ಲಿತ್ತು. ಕಿಟಕಿಯ ಹತ್ತಿರ ಬಂದು, ಅಪ್ಪಯ್ಯ ಮಾಡಿದ ಹಾಗೇ ಬೆಳಕಿಗೆ ತಿರುಗಿಸಿ ಹಿಡಿದೆ. ಪೇಟದ ನೆರಳು, ನೆರಳಿನೊಳಗೆ ಮುಖ. ಇದನ್ನು ಎಷ್ಟೋ ಸಲ ನೋಡಿದ್ದೆ, ನೋಡಿ ಕಣ್ಣು ತಪ್ಪಿಸಿದ್ದೆ. ಆದರೆ ಈಗತಾನೇ ಜಗಲಿಯಲ್ಲಿ ಇನ್ನೊಂದು ಮುಖ ನೋಡಿ ಬಂದಿದ್ದೆನಲ್ಲ. ಅಪ್ಪಯ್ಯ ಸುಸ್ತಿಗೆ ಕಣ್ಣು ಮುಚ್ಚಿದ್ದಲ್ಲ. ಹುಬ್ಬು ಗಂಟಿಕ್ಕಿದೆ, ಕೆನ್ನೆ ಮೇಲೆದ್ದಿದೆ, ರೆಪ್ಪೆ ಬಿಗಿಯಾಗಿದೆ. ಆಗತಾನೇ ಮುಖದ ಮೇಲೆ ಬೆಳಕು ಬಡಿದವನು ಹಾಗೆ ಕಣ್ಣು ಮುಚ್ಚುತ್ತಾನೆ. ನನ್ನ ಫ್ಲ್ಯಾಷು ಮೊದಲು ಹೊಡೆದಿತ್ತು, ಅವನು ಕಣ್ಣು ಮುಚ್ಚಿದ್ದ, ಕ್ಯಾಮರಾ ಆಮೇಲೆ ತೆರೆದಿತ್ತು. ಇಷ್ಟು ವರ್ಷ ಆ ಕತ್ತಲೆಯೊಳಗೇ ಸಾಕ್ಷಿ ಇತ್ತು. ತಿಥಿಗೆಂದು ತಿದ್ದಿಸುವಾಗ ಇವರು ಅಳಿಸಿ ಹಾಕಿಸಿದ್ದು ಸರಿಯಾಗಿ ಆ ಕಣ್ಣುಗಳನ್ನೇ.

ಫೋಟೋವನ್ನು ಮೊಬೈಲಿನಲ್ಲಿ ತೆಗೆದು ವನಜಳಿಗೆ ಕಳಿಸಿದೆ. ಅವಳು ಕೂಡಲೇ ಫೋನು ಮಾಡಿದಳು.

"ಇದ್ಯಾಕಕ್ಕ, ಇದ್ರಲ್ಲಿ ಮುಖ ಕತ್ತಲೆ. ಅಪ್ಪಯ್ಯ ಕಣ್ಣೂ ಮುಚ್ಚಿದಾನಲ್ಲ."

"ಹೂಂ ಮಗಾ. ಬೆಳಕಿಗೆ ಮುಚ್ಚಿದಾನೆ. ಇದನ್ನೇ ಕಟ್ಟು ಹಾಕ್ಸು."